ಹಾಲು ಬಿಡಿಸಿದ ಕರು ಸೊರಗುತ್ತಿದೆಯಾ? ಔಷಧಿ ತರುವ ಮೊದಲು ಇಷ್ಟು ನೋಡಿ

ನಮ್ಮ ಊರು ಚನ್ನರಾಯಪಟ್ಟಣದ ಹತ್ತಿರ. ಕೊಟ್ಟಿಗೆಯಲ್ಲಿ ಆರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು, ಒಂದು ನಾಟಿ ತಳಿಯ ಹಳ್ಳಿಕಾರ್. ಎರಡು ವರ್ಷದ ಹಿಂದೆ, ಎರಡು ತಿಂಗಳು ತುಂಬಿದ ಒಂದು ಹೆಣ್ಣುಗರುವಿಗೆ ಒಂದೇ ದಿನದಲ್ಲಿ ಹಾಲು ನಿಲ್ಲಿಸಿಬಿಟ್ಟೆ. ಆ ತಿಂಗಳು ಡೈರಿಗೆ ಎರಡು ಲೀಟರ್ ಜಾಸ್ತಿ ಹಾಕುವ ಆಸೆ, ಅಷ್ಟೇ. ಮೊದಲ ವಾರ ಕರು ಚೆನ್ನಾಗೇ ಇತ್ತು. ಆಮೇಲೆ ಮೈಕೂದಲು ನಿಮಿರಿತು. ಬೆನ್ನುಮೂಳೆ ಎದ್ದು ಕಂಡಿತು. ಹೊಟ್ಟೆ ಮಾತ್ರ ಗಡಿಗೆ ಥರ.

"ಜಂತು ಇರ್ಬೇಕು ಕಣೋ" ಅಂದರು ಅಪ್ಪ. ನನಗೂ ಹಾಗೇ ಅನ್ನಿಸಿತು. ಜಂತಿನ ಔಷಧಿ ತಂದು ಕುಡಿಸಿದೆ. ಐದು ದಿನ ಬಿಟ್ಟು ಇನ್ನೊಂದು ಸಲ ಕುಡಿಸಿದೆ. ಹತ್ತನೇ ದಿನ ಬೆಳಿಗ್ಗೆ ಸಗಣಿಯಲ್ಲಿ ರಕ್ತ.

ಬಂದ ದನದ ಡಾಕ್ಟರು ಕರುವನ್ನು ಮುಟ್ಟುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ: "ಹಾಲು ನಿಲ್ಲಿಸಿದ ದಿನ ಇದು ಎಷ್ಟು ಹಿಂಡಿ ತಿಂತಿತ್ತು?" ನನಗೆ ಗೊತ್ತಿರಲಿಲ್ಲ. ಬಾಂಡ್ಲಿಯಲ್ಲಿ ಹಾಕುತ್ತಿದ್ದೆ, ಸಂಜೆಗೆ ಖಾಲಿ ಆಗಿರುತ್ತಿತ್ತು. ಪಕ್ಕದಲ್ಲಿ ಕಟ್ಟಿದ ದೊಡ್ಡ ಕರು ತಿನ್ನುತ್ತಿತ್ತು ಅಂತ ತಿಳಿದದ್ದು ಆಮೇಲೆ.

ಅವತ್ತಿನಿಂದ ನಾನು ಯಾವ ಕ್ರಮದಲ್ಲಿ ನೋಡುತ್ತೇನೆ ಅಂತ ಇಲ್ಲಿ ಬರೆದಿದ್ದೇನೆ. ಡಾಕ್ಟರು ಬೇಡ ಅಂತಲ್ಲ. ಅವರಿಗೆ ಫೋನ್ ಮಾಡಿದಾಗ "ಕರು ಯಾಕೋ ಮಂಕಾಗಿದೆ ಸಾರ್" ಅನ್ನುವುದಕ್ಕೂ "ಜ್ವರ 104 ಇದೆ, ಉಸಿರು ನಿಮಿಷಕ್ಕೆ 60" ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ.

ಮೊದಲು ಥರ್ಮಾಮೀಟರ್

ಮೆಡಿಕಲ್ ಸ್ಟೋರಿನ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ಅದರ ಹಿಂಬದಿಗೆ ಒಂದು ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ. ಕ್ಲಿಪ್ಪನ್ನು ಬಾಲದ ಕೂದಲಿಗೆ ಸಿಕ್ಕಿಸಿ. ಇಲ್ಲದಿದ್ದರೆ ಕರು ಒಂದು ಸಲ ಮುಕ್ಕಿದರೆ ಥರ್ಮಾಮೀಟರ್ ಸಗಣಿ ಜೊತೆ ನೆಲಕ್ಕೆ, ಅಥವಾ ಒಳಕ್ಕೆ. ತುದಿಗೆ ಸ್ವಲ್ಪ ಎಣ್ಣೆ ಹಚ್ಚಿ, ಗುದದೊಳಗೆ ಎರಡು ಬೆರಳಷ್ಟು ತೂರಿಸಿ, ಓರೆ ಮಾಡಿ ಒಳಗೋಡೆಗೆ ತಾಗಿಸಿ ಹಿಡಿಯಿರಿ. ಸಗಣಿ ಉಂಡೆಯೊಳಗೆ ಚುಚ್ಚಿಕೊಂಡಿದ್ದರೆ ಲೆಕ್ಕ ಕಡಿಮೆ ತೋರಿಸುತ್ತದೆ.

ದೊಡ್ಡ ಹಸುವಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸರಿ. ಕರುವಿಗೆ 103ರವರೆಗೂ ಸರಿಯೇ. 104 ದಾಟಿದರೆ ಜ್ವರ. ಮಧ್ಯಾಹ್ನ ಬಿಸಿಲಲ್ಲಿ ನಿಂತ ದನಕ್ಕೆ ಒಂದು ಡಿಗ್ರಿ ಹೆಚ್ಚಿಗೆ ತೋರಿಸುವುದು ಮಾಮೂಲು. ಹಾಗಾಗಿ ನಾನು ಬೆಳಿಗ್ಗೆ ಹಾಲು ಕರೆಯುವ ಮೊದಲೇ ನೋಡುತ್ತೇನೆ. ಜ್ವರಕ್ಕಿಂತ ಹೆದರಬೇಕಾದದ್ದು 100ಕ್ಕಿಂತ ಕೆಳಗೆ ಇಳಿದಾಗ. ಕಿವಿ ತಣ್ಣಗೆ, ಬಾಯೊಳಗೆ ಬೆರಳಿಟ್ಟರೂ ತಣ್ಣಗೆ, ಚೀಪುವ ಶಕ್ತಿ ಇಲ್ಲ ಅಂದರೆ ಮನೆಮದ್ದಿನ ಮಾತೇ ಬೇಡ, ಡ್ರಿಪ್ ಬೇಕು.

ಥರ್ಮಾಮೀಟರ್ ಒಳಗಿರುವಷ್ಟು ಹೊತ್ತು ಪಕ್ಕೆ ನೋಡುತ್ತಾ ಉಸಿರು ಎಣಿಸಿ. ತಂಪು ಹೊತ್ತಲ್ಲಿ, ಸುಮ್ನೆ ನಿಂತ ಕರು ನಿಮಿಷಕ್ಕೆ ಮೂವತ್ತರ ಆಸುಪಾಸು ಉಸಿರಾಡುತ್ತದೆ. ಐವತ್ತು ದಾಟಿದರೆ ಎದೆ ಕಡೆ ಅನುಮಾನ ಪಡಿ. ಆಮೇಲೆ ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿ. ತೆಳು ಗುಲಾಬಿ ಇದ್ದರೆ ಸರಿ. ಸುಣ್ಣದ ಹಾಗೆ ಬಿಳಿಚಿದ್ದರೆ ರಕ್ತ ಕಡಿಮೆ. ಹಳದಿ ಇದ್ದರೆ ಈಲಿ (ಪಿತ್ತಜನಕಾಂಗ) ಅಥವಾ ಉಣ್ಣೆ (ಮೈಗೆ ಕಚ್ಚಿ ರಕ್ತ ಹೀರುವ ಹುಳ) ಜ್ವರದ ಕಡೆ ಯೋಚಿಸಬೇಕು.

ಜ್ವರ ಇದ್ದರೆ

ಜ್ವರ ಮತ್ತು ಜೋರು ಉಸಿರು ಎರಡೂ ಇದ್ದು, ಕೆಮ್ಮು, ಮೂಗಿನಲ್ಲಿ ಗಟ್ಟಿ ಸಿಂಬಳ ಇದ್ದರೆ ನ್ಯುಮೋನಿಯಾ. ಹಾಲು ಬಿಡಿಸಿದ ಮೇಲೆ ಬರುವ ಜ್ವರಗಳಲ್ಲಿ ಇದು ಬಹಳ ಸಾಮಾನ್ಯ. ಅದಕ್ಕೆ ಕಾರಣ ಒಂದೇ ವಾರ ನಾಲ್ಕು ಕಷ್ಟ ಕೊಡುವುದು. ಹಾಲು ನಿಲ್ಲಿಸಿದ ದಿನವೇ ಬೇರೆ ಕಡೆ ಕಟ್ಟುತ್ತೇವೆ. ಆ ವಾರವೇ ಕೊಂಬು ಸುಡಿಸುತ್ತೇವೆ. ಚಳಿ ಅಂತ ಕೊಟ್ಟಿಗೆಗೆ ಸುತ್ತ ಟಾರ್ಪಾಲು ಬಿಗಿಯುತ್ತೇವೆ. ನೀವೇ ಒಂದು ಸಲ ಕರು ಮಲಗುವ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಮೂಸಿ ನೋಡಿ. ಗಂಜಲದ ಘಾಟಿಗೆ ಕಣ್ಣು ಉರಿದರೆ ಕರುವಿನ ಎದೆಗೂ ಅದೇ ಗತಿ. ಟಾರ್ಪಾಲಿನ ಮೇಲ್ಭಾಗ ಒಂದು ಮೊಳ ಬಿಡಿ, ಘಾಟು ಹೊರಹೋಗಲಿ. ಔಷಧಿ ಯಾವುದು, ಎಷ್ಟು ದಿನ ಅನ್ನುವುದು ಡಾಕ್ಟರ ಕೆಲಸ. ಆದರೆ ಐದು ದಿನ ಅಂದರೆ ಐದು ದಿನ ಹಾಕಿಸಿ. ಎರಡನೇ ಇಂಜೆಕ್ಷನ್ನಿಗೆ ಜ್ವರ ಇಳಿಯಿತು ಅಂತ ನಿಲ್ಲಿಸಿದರೆ ಹದಿನೈದು ದಿನಕ್ಕೆ ಅದೇ ಕೆಮ್ಮು ವಾಪಸ್ ಬರುತ್ತದೆ.

ಜ್ವರ 105, 106 ಇದ್ದು ಕೆಮ್ಮು ಇಲ್ಲದಿದ್ದರೆ ಭುಜದ ಮುಂದೆ ಕೈ ಹಾಕಿ. ಕುತ್ತಿಗೆ ಭುಜಕ್ಕೆ ಸೇರುವ ಕಡೆ, ಚರ್ಮದ ಕೆಳಗೆ ನಿಂಬೆಹಣ್ಣಿನ ಗಾತ್ರದ ಗಂಟು ಸಿಕ್ಕಿದರೆ ಥೈಲೇರಿಯಾ ಇರಬಹುದು. ಇದು ಉಣ್ಣೆಯಿಂದ ಬರುವುದು. ಮಿಶ್ರತಳಿಗೆ ಇದರ ಕಾಟ ಜಾಸ್ತಿ, ನಮ್ಮ ನಾಟಿ ದನ ಅಷ್ಟು ಸುಲಭಕ್ಕೆ ಬಗ್ಗಲ್ಲ. ಗಂಜಲ ಕಾಫಿ ಬಣ್ಣಕ್ಕೆ ಬಂದರೆ ಅದು ಬೇರೆ ಉಣ್ಣೆ ಜ್ವರ, ಬಬೇಸಿಯಾ. ಎರಡಕ್ಕೂ ಇಂಜೆಕ್ಷನ್ ಬೇರೆ ಬೇರೆ. ಆದ್ದರಿಂದ ರಕ್ತ ಪರೀಕ್ಷೆ ಮಾಡಿಸದೆ "ಉಣ್ಣೆ ಜ್ವರದ ಸೂಜಿ ಹಾಕಿ" ಅಂತ ಹಟ ಹಿಡಿಯಬೇಡಿ. ಉಣ್ಣೆ ಅಡಗುವುದು ಕಿವಿಯೊಳಗೆ, ಬಾಲದ ಬುಡದಲ್ಲಿ, ತೊಡೆಸಂದಿಯಲ್ಲಿ. ಕೊಟ್ಟಿಗೆ ಗೋಡೆಯ ಬಿರುಕಿನಲ್ಲೂ ಇರುತ್ತದೆ. ದನಕ್ಕೆ ಮಾತ್ರ ಔಷಧಿ ಹೊಡೆದು ಗೋಡೆ ಬಿಟ್ಟರೆ ಹೊಡೆದದ್ದು ದಂಡ.

ಜ್ವರ ಇಲ್ಲದಿದ್ದರೆ ಸಗಣಿ ನೋಡಿ

ನನ್ನ ಅನುಭವದಲ್ಲಿ ಸೊರಗಿದ ಕರುಗಳ ಅರ್ಧಕ್ಕರ್ಧ ಕಥೆ ಇಲ್ಲಿ ಸಿಗುತ್ತದೆ. ಕೋಲಿನಿಂದ ಕೆದಕಿ, ಬಣ್ಣ ನೋಡಿ, ವಾಸನೆ ಹಿಡಿಯಿರಿ. ಅಸಹ್ಯಪಟ್ಟರೆ ದನ ಸಾಕೋಕಾಗಲ್ಲ.

ಹಾಲು ಕುಡಿಯುವ ವಯಸ್ಸಿನಲ್ಲಿ ಬಿಳಿ ಅಥವಾ ತೆಳು ಹಳದಿ ಭೇದಿ ಆದರೆ ಮೊದಲ ಭಯ ಸೋಂಕಿನದಲ್ಲ, ನೀರಿನದು. ಕರು ಸಾಯುವುದು ಮೈಯ ನೀರು ಮತ್ತು ಉಪ್ಪು ಹೋಗಿ. ಕುತ್ತಿಗೆಯ ಚರ್ಮ ಚಿವುಟಿ ಬಿಡಿ. ತಕ್ಷಣ ಮಟ್ಟಸವಾದರೆ ಪರವಾಗಿಲ್ಲ. ಒಂದು, ಎರಡು ಅಂತ ಎಣಿಸುವಷ್ಟು ಹೊತ್ತು ಗುಡಾರದ ಹಾಗೆ ನಿಂತರೆ ನೀರು ಕಡಿಮೆ ಆಗಿದೆ. ಕಣ್ಣುಗುಡ್ಡೆಗೂ ರೆಪ್ಪೆಗೂ ನಡುವೆ ಸಂದು ಬಿದ್ದಿದ್ದರೆ ಇನ್ನೂ ಜಾಸ್ತಿ ಹೋಗಿದೆ.

ಕರು ಎದ್ದು ನಿಲ್ಲುತ್ತಿದೆ, ಬೆರಳು ಚೀಪುತ್ತಿದೆ ಅಂದರೆ ಬಾಯಿಗೇ ಕೊಡಬಹುದು. ಕುದಿಸಿ ಉಗುರುಬೆಚ್ಚಗೆ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟವಾಗಿ ಒಂದು ಟೀ ಚಮಚ ಉಪ್ಪು, ಅರ್ಧ ಚಮಚ ಅಡುಗೆ ಸೋಡಾ, ನಾಲ್ಕು ಚಮಚ ಗ್ಲೂಕೋಸ್ ಪುಡಿ. ಸಕ್ಕರೆ, ಬೆಲ್ಲ ಬೇಡ. ಎಳೆ ಕರುವಿನ ಕರುಳಿಗೆ ಅದನ್ನು ಅರಗಿಸುವ ಶಕ್ತಿ ಇಲ್ಲ, ಭೇದಿ ಇನ್ನೂ ಜೋರಾಗುತ್ತದೆ. ಅಕ್ಕಿ ಗಂಜಿಯೂ ಹತ್ತು ದಿನದ ಕರುವಿಗೆ ಆಗಿಬರಲ್ಲ. ಮೂವತ್ತು ಕೆಜಿ ಕರುವಿಗೆ ಒಂದು ಸಲಕ್ಕೆ ಎರಡು ಲೀಟರ್, ದಿನಕ್ಕೆ ಎರಡು ಮೂರು ಸಲ. ಇದು ಹಾಲಿನ ಬದಲಿಗೆ ಅಲ್ಲ, ಹಾಲಿನ ಜೊತೆಗೆ. ಹಾಲಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಸೋಡಾ ಸೇರಿದರೆ ಹೊಟ್ಟೆಯಲ್ಲಿ ಹಾಲು ಸರಿಯಾಗಿ ಗರಣೆ ಕಟ್ಟುವುದಿಲ್ಲ. ಭೇದಿ ಅಂತ ಹಾಲನ್ನು ಪೂರ್ತಿ ನಿಲ್ಲಿಸಿ ಉಪವಾಸ ಕೆಡಹುವುದು ನಮ್ಮ ಕಡೆ ಹಳೇ ಅಭ್ಯಾಸ. ಅದರಿಂದ ಕರು ಇನ್ನೂ ಬೇಗ ಕುಸಿಯುತ್ತದೆ.

ಮಣ್ಣಿನ ಬಣ್ಣ, ಕೊಳೆತ ವಾಸನೆ, ಹೊಟ್ಟೆ ದಪ್ಪ, ವಯಸ್ಸು ಮೂರು ವಾರದಿಂದ ಎರಡು ಮೂರು ತಿಂಗಳು. ಇದು ದುಂಡುಹುಳು. ಎಮ್ಮೆ ಕರುಗಳಲ್ಲಂತೂ ವಿಪರೀತ. ಈ ಹುಳ ಹುಲ್ಲಿನಿಂದ ಬರುವುದಲ್ಲ, ತಾಯಿಯ ಹಾಲಿನಲ್ಲೇ ಮರಿಹುಳವಾಗಿ ಇಳಿದು ಬರುತ್ತದೆ. ಅದಕ್ಕೇ ಮೊದಲ ಜಂತಿನ ಔಷಧಿ ಹತ್ತರಿಂದ ಹದಿನೈದು ದಿನದೊಳಗೆ ಕೊಡುವುದು, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ದವಡೆ ಕೆಳಗೆ ನೀರು ತುಂಬಿದ ಚೀಲದ ಹಾಗೆ ಜೋತುಬಿದ್ದರೆ, ಅದೂ ಕೆರೆಯಂಗಳದಲ್ಲಿ ಮೇಯುವ ದನಕ್ಕೆ, ಈಲಿಹುಳದ ಅನುಮಾನ ಇಟ್ಟುಕೊಳ್ಳಿ. ಅದಕ್ಕೆ ಮಾಮೂಲು ಜಂತಿನ ಔಷಧಿ ಎಲ್ಲವೂ ನಾಟುವುದಿಲ್ಲ.

ಇನ್ನು ರಕ್ತ. ನನ್ನ ಕರುವಿಗೆ ಆಗಿದ್ದು ಇದೇ. ಬಾಲ ಎತ್ತಿ, ಬೆನ್ನು ಬಿಲ್ಲು ಮಾಡಿ ಮುಕ್ಕುತ್ತದೆ. ಬರುವುದು ಎರಡು ಚಮಚ, ಅದರಲ್ಲಿ ರಕ್ತ, ಲೋಳೆ. ಬಾಲ, ಹಿಂಗಾಲು ಎಲ್ಲಾ ಮೆತ್ತಿಕೊಂಡಿರುತ್ತದೆ. ಇದು ಕಾಕ್ಸಿಡಿಯಾ. ಹುಳ ಅಲ್ಲ, ಕಣ್ಣಿಗೆ ಕಾಣದ ಏಕಕೋಶ ಜೀವಿ. ಜಂತಿನ ಔಷಧಿ ಎಷ್ಟು ಸಲ ಕುಡಿಸಿದರೂ ಇದಕ್ಕೆ ಏನೂ ಆಗುವುದಿಲ್ಲ, ನಾನು ಎರಡು ಸಲ ಕುಡಿಸಿದ್ದು ಬರೀ ನೀರಿಗೆ ಹೋಯಿತು. ಮೂರು ವಾರದಿಂದ ಆರು ತಿಂಗಳ ಕರುವಿಗೆ ಬರುವುದು ಜಾಸ್ತಿ. ಹಾಲು ಬಿಡಿಸಿ ಮೈ ಸೋತ ಸಮಯ ಕಾದು ಕೂತಿರುತ್ತದೆ. ಒದ್ದೆ ನೆಲ, ಸಗಣಿ ಬಿದ್ದ ಬಾಂಡ್ಲಿ, ಒಂದೇ ಕಡೆ ನಾಲ್ಕು ಕರು, ಇಷ್ಟಿದ್ದರೆ ಅದಕ್ಕೆ ಹಬ್ಬ. ಫಿನೈಲಿಗೆ ಅದರ ಮೊಟ್ಟೆ ಜಗ್ಗುವುದಿಲ್ಲ. ನೆಲ ಒಣಗಿಸುವುದು, ಬಿಸಿಲು ಬೀಳುವ ಹಾಗೆ ಮಾಡುವುದು, ಬಾಂಡ್ಲಿಯನ್ನು ಬಾಲ ತಾಗದ ಎತ್ತರಕ್ಕೆ ಏರಿಸುವುದೇ ಕೆಲಸ ಮಾಡುವುದು. ಔಷಧಿಯನ್ನು ಡಾಕ್ಟರು ಸಗಣಿ ಪರೀಕ್ಷೆ ಮಾಡಿಸಿ ಬರೆದರು. ಪರೀಕ್ಷೆಗೆ ತಾಜಾ ಸಗಣಿ ಒಂದು ನೆಲ್ಲಿಕಾಯಿಯಷ್ಟಿದ್ದರೂ ಸಾಕು. ಸ್ವಚ್ಛ ಡಬ್ಬಿಯಲ್ಲಿ ಹಾಕಿ ಅವತ್ತೇ ಪಶು ಆಸ್ಪತ್ರೆಗೆ ಕೊಡಿ.

ರಕ್ತ ಇಲ್ಲ, ಜ್ವರ ಇಲ್ಲ, ಹುಳ ಇಲ್ಲ. ಆದರೂ ಸಗಣಿ ಬೂದು ಬಣ್ಣ, ಜೇಡಿಮಣ್ಣಿನ ಹಾಗೆ ಅಂಟು. ಒಳಗೆ ಅರಗದ ಜೋಳದ ನುಚ್ಚು. ಕರು ಗೋಡೆ ನೆಕ್ಕುತ್ತದೆ, ಇನ್ನೊಂದು ಕರುವಿನ ಕಿವಿ ಚೀಪುತ್ತದೆ. ಹಾಗಿದ್ದರೆ ರೋಗ ಹುಡುಕುವುದು ಬಿಡಿ. ನಾವು ಹಾಲು ಬಿಡಿಸಿದ್ದೇ ತಪ್ಪು ದಿನ.

ತಪ್ಪು ದಿನ ಅಂದರೆ ಏನು

ಹುಟ್ಟಿದ ಕರುವಿಗೆ ಮೆಲುಕು ಹಾಕುವ ದೊಡ್ಡ ಹೊಟ್ಟೆ ಹೆಸರಿಗೆ ಮಾತ್ರ ಇರುತ್ತದೆ. ಕರು ಹಾಲು ಚೀಪುವಾಗ ಅನ್ನನಾಳದ ತುದಿಯಲ್ಲಿ ಒಂದು ಮಡಿಕೆ ಕೊಳವೆಯ ಹಾಗೆ ಮುಚ್ಚಿಕೊಂಡು, ಹಾಲು ನೇರವಾಗಿ ಕೊನೇ ಹೊಟ್ಟೆಗೆ ಹೋಗುತ್ತದೆ. ದೊಡ್ಡ ಹೊಟ್ಟೆಗೆ ಏನೂ ಸಿಗುವುದಿಲ್ಲ. ಅದು ಬೆಳೆಯಬೇಕಾದರೆ ಹಿಂಡಿ ಮತ್ತು ನೀರು ಬೀಳಬೇಕು. ಹಿಂಡಿ ಹುಳಿತು ಹುಟ್ಟುವ ಆಮ್ಲದಿಂದಲೇ ಅದರ ಒಳಗೋಡೆ ಬಲಿಯುವುದು. ಬರೀ ಹುಲ್ಲು ತಿಂದ ಕರುವಿಗೆ ಹೊಟ್ಟೆ ಹಿಗ್ಗುತ್ತದೆ, ಬಲಿಯುವುದಿಲ್ಲ. "ನಮ್ಮ ಕರು ರಾಗಿ ಹುಲ್ಲು ಚೆನ್ನಾಗಿ ತಿನ್ನತ್ತೆ" ಅಂತ ಖುಷಿಪಡುವವರ ಕರುಗಳೇ ಗಡಿಗೆ ಹೊಟ್ಟೆ ಆಗುವುದು.

ನೀರಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. "ಹಾಲು ಕುಡಿಯತ್ತಲ್ಲ, ನೀರು ಯಾಕೆ" ಅನ್ನುತ್ತೇವೆ. ಹಾಲು ದೊಡ್ಡ ಹೊಟ್ಟೆಗೆ ಹೋಗುವುದೇ ಇಲ್ಲ ಅಂದಮೇಲೆ ಅಲ್ಲಿಗೆ ಬೇರೆ ನೀರು ಬೇಕಲ್ವಾ? ಮೊದಲ ವಾರದಿಂದಲೇ ಒಂದು ಬಕೆಟ್ ಶುದ್ಧ ನೀರು ಇಡಿ. ನೀರಿಲ್ಲದ ಕರು ಹಿಂಡಿ ಮುಟ್ಟುವುದಿಲ್ಲ.

ನಾನು ಈಗ ಮಾಡುವುದು ಇಷ್ಟು. ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣುಹಾಲು. ಹಸುವಿನ ಕಸ (ಮಾಸು) ಬೀಳಲಿ ಅಂತ ಕಾಯುವುದಿಲ್ಲ, ಆ ಹಾಲಿನ ರೋಗ ತಡೆಯುವ ಶಕ್ತಿಯನ್ನು ಕರುಳು ಹೀರುವುದು ಮೊದಲ ದಿನ ಮಾತ್ರ, ಅದೂ ಗಂಟೆಗಂಟೆಗೆ ಕಡಿಮೆ ಆಗುತ್ತಾ ಹೋಗುತ್ತದೆ. ಆಮೇಲೆ ದಿನಕ್ಕೆ ಮೈತೂಕದ ಹತ್ತರಲ್ಲಿ ಒಂದು ಭಾಗ ಹಾಲು. ಹತ್ತನೇ ದಿನದಿಂದ ಕರು ಹಿಂಡಿ ಒಂದು ಹಿಡಿ, ಹಾಲು ಕುಡಿದ ತಕ್ಷಣ ಬಾಯಿಗೆ ಸವರಿ ರುಚಿ ಹತ್ತಿಸುವುದು. ನಮ್ಮ ಮನೆಯ ಒಂದು ಸ್ಟೀಲ್ ಲೋಟವನ್ನು ಕಿರಾಣಿ ಅಂಗಡಿ ತಕ್ಕಡಿಯಲ್ಲಿ ತೂಗಿಸಿ ಎಷ್ಟು ಗ್ರಾಂ ಅಂತ ಬರೆದಿಟ್ಟಿದ್ದೇನೆ. ಸಂಜೆ ಉಳಿದದ್ದನ್ನೂ ಅಳೆಯುತ್ತೇನೆ. ದಿನಕ್ಕೆ ಮುಕ್ಕಾಲು ಕೆಜಿಯಿಂದ ಒಂದು ಕೆಜಿ ಹಿಂಡಿ, ಸತತ ಮೂರು ದಿನ, ತಾನೇ ತಿಂದರೆ ಹಾಲು ಬಿಡಿಸುವ ಕಾಲ ಬಂತು. ಕ್ಯಾಲೆಂಡರ್ ನೋಡಿ ಬಿಡಿಸುವುದಿಲ್ಲ. ಕೆಲವು ಎಂಟು ವಾರಕ್ಕೆ ತಯಾರಾಗುತ್ತವೆ, ಕೆಲವು ಹನ್ನೆರಡು ವಾರ ತೆಗೆದುಕೊಳ್ಳುತ್ತವೆ. ಮೊದಲು ಸಂಜೆಯ ಹಾಲು ಕಡಿತ, ಒಂದು ವಾರ ಬಿಟ್ಟು ಬೆಳಗಿನದು. ಜಾಗ ಬದಲಿಸುವುದು, ಕೊಂಬು ಸುಡುವುದು, ಲಸಿಕೆ ಯಾವುದೂ ಆ ಎರಡು ವಾರದಲ್ಲಿ ಇಲ್ಲ.

ತೂಕ ನೋಡಲು ಟೇಲರ್ ಟೇಪು ಸಾಕು. ಮುಂಗಾಲಿನ ಹಿಂದೆ ಎದೆ ಸುತ್ತಳತೆ ಇಂಚಿನಲ್ಲಿ. ಭುಜದ ತುದಿಯಿಂದ ಪೃಷ್ಠದ ಮೂಳೆವರೆಗೆ ಉದ್ದ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತ 34, ಉದ್ದ 32 ಇದ್ದರೆ ಸುಮಾರು 56 ಕೆಜಿ. ನಿಖರ ಅಲ್ಲ, ಆದರೆ ಹದಿನೈದು ದಿನಕ್ಕೊಮ್ಮೆ ಅಳೆದರೆ ಏರುತ್ತಿದೆಯೋ ನಿಂತಿದೆಯೋ ಗೊತ್ತಾಗುತ್ತದೆ.

ಬಿಡಿಸಿ ಆಗಿಹೋಗಿದೆ, ಕರು ಸೊರಗಿದೆ ಅಂದರೆ? ಮತ್ತೆ ಹಾಲು ಕೊಡಿ. ನಾಚಿಕೆ ಏನಿಲ್ಲ. ದಿನಕ್ಕೆ ಎರಡು ಲೀಟರ್, ಒಂದೇ ಹೊತ್ತು. ಹಿಂಡಿ ಏರುವವರೆಗೆ.

ಹೊಟ್ಟೆ ಉಬ್ಬರ

ಇದಕ್ಕೆ ಕಾಯುವ ಹಾಗಿಲ್ಲ. ಎಡಗಡೆ, ಪಕ್ಕೆಲುಬು ಮುಗಿದು ಸೊಂಟದ ಮೂಳೆ ಶುರುವಾಗುವ ನಡುವೆ ಒಂದು ಗುಳಿ ಇದೆ. ಆ ಗುಳಿ ಉಬ್ಬಿ, ಬೆರಳಲ್ಲಿ ತಟ್ಟಿದರೆ ತಮಟೆ ಸದ್ದು ಬಂದರೆ ಉಬ್ಬರ. ದನವನ್ನು ಮಲಗಲು ಬಿಡಬೇಡಿ. ಮುಂಗಾಲು ದಿಬ್ಬದ ಮೇಲೆ ಬರುವ ಹಾಗೆ ನಿಲ್ಲಿಸಿ. ಬಾಯಿಗೆ ಅಡ್ಡಲಾಗಿ ಬೇವಿನ ಕಡ್ಡಿ ಕಟ್ಟಿದರೆ ಅಗಿಯುತ್ತಾ ಜೊಲ್ಲು ಇಳಿದು ಗಾಳಿ ಹೋಗಬಹುದು. ನೊರೆ ಉಬ್ಬರಕ್ಕೆ ಅಡುಗೆ ಎಣ್ಣೆ ಕೆಲಸ ಮಾಡುತ್ತದೆ, ಕರುವಿಗೆ ಅರ್ಧ ಲೋಟ, ದೊಡ್ಡದಕ್ಕೆ ಅರ್ಧ ಲೀಟರಿಗೆ ಮೀರದಂತೆ.

ಆದರೆ ಗೊಟ್ಟ ಹಾಕುವಾಗ (ಕೊಳವೆಯಿಂದ ಬಾಯಿಗೆ ಸುರಿದು ಕುಡಿಸುವಾಗ) ಹುಷಾರು. ನಾಲಗೆ ಹೊರಗೆ ಎಳೆದು, ತಲೆ ಆಕಾಶಕ್ಕೆ ಎತ್ತಿ, ಗಟಗಟ ಸುರಿಯುವುದು ನಮ್ಮಲ್ಲಿ ಶೂರತನ ಇದ್ದ ಹಾಗೆ. ನಾಲಗೆ ಹಿಡಿದರೆ ದನ ನುಂಗೋಕಾಗಲ್ಲ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಬೇಡ. ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪ, ನುಂಗಿದ ಮೇಲೆ ಮತ್ತೆ. ಕೆಮ್ಮಿದರೆ ತಕ್ಷಣ ತಲೆ ಬಿಡಿ. ಮಲಗಿಬಿಟ್ಟ ದನಕ್ಕೆ ಬಾಯಿಂದ ಏನೂ ಬೇಡ.

ಸಂಕ್ರಾಂತಿಯ ಮರುದಿನ ಪಶು ಆಸ್ಪತ್ರೆ ಮುಂದೆ ನಿಂತು ನೋಡಿ. ಕಿಚ್ಚು ಹಾಯಿಸಿ, ಪ್ರೀತಿಗೆ ಬೋಗುಣಿ ತುಂಬ ಪೊಂಗಲ್ ತಿನ್ನಿಸಿದ ದನಗಳೇ. ಮದುವೆ ಮನೆಯ ಮಿಕ್ಕ ಅನ್ನವೂ ಅಷ್ಟೇ. ಹೊಟ್ಟೆ ಹುಳಿತು, ಮೆಲುಕು ನಿಂತು, ಹುಳಿ ವಾಸನೆಯ ನೀರು ಭೇದಿ, ತೂರಾಡುವ ನಡಿಗೆ. ಇದು ಬರೀ ಅಜೀರ್ಣ ಅಲ್ಲ, ರಕ್ತವೇ ಹುಳಿಯಾಗಿ ಸಾಯಬಹುದು.

ತಾಯಿ ಕಡೆ

ಕರು ಬೇರೆ ಮಾಡಿದರೆ ಎರಡು ಮೂರು ದಿನ ಅಂಬಾ ಅಂತ ಕೂಗುವುದು ರೋಗ ಅಲ್ಲ. ಆದರೆ ಆ ದಿನಗಳಲ್ಲಿ ಕೆಚ್ಚಲು ನೋಡುತ್ತಿರಿ. ಪ್ರತಿ ಮೊಲೆಯ ಮೊದಲ ಎರಡು ಧಾರೆಯನ್ನು ಕಪ್ಪು ಬಟ್ಟೆ ಮೇಲೆ ಕರೆದರೆ ಹಾಲಿನ ಹರಳು ಕಾಣುತ್ತದೆ, ಕೆಚ್ಚಲು ಬಾವು ಅವತ್ತೇ ಸಿಗುತ್ತದೆ. ಮಿಶ್ರತಳಿ ಹಸು ಕರು ಇಲ್ಲದೆಯೂ ಹಾಲು ಇಳಿಸುತ್ತದೆ. ನಮ್ಮ ಹಳ್ಳಿಕಾರ್ ಇಳಿಸುವುದಿಲ್ಲ. ಕರುವನ್ನು ಮುಂದೆ ಕಟ್ಟಿ ನೆಕ್ಕಲು ಬಿಟ್ಟರೆ ಮಾತ್ರ. ಅದನ್ನು ದೋಷ ಅಂತ ಇಂಜೆಕ್ಷನ್ ಹಾಕಿಸಲು ಹೋಗಬೇಡಿ, ಆ ತಳಿಯ ಗುಣವೇ ಹಾಗೆ.

ಕೈ ಹಾಕಬಾರದ ಮೂರು

ಕರು ಹಾಕಿ ಮೂರು ದಿನದೊಳಗೆ ಹಸು ಕುಸಿದು, ಕತ್ತು ಪಕ್ಕಕ್ಕೆ ತಿರುಗಿಸಿ, ಕಿವಿ ತಣ್ಣಗಾಗಿದ್ದರೆ ಕ್ಯಾಲ್ಸಿಯಂ ಇಳಿದಿದೆ. ಬಾಯಿಗೆ ಏನೂ ಹಾಕದೆ ಎದೆ ಮೇಲೆ ಕೂರುವ ಹಾಗೆ ಹುಲ್ಲಿನ ಮೂಟೆ ಒತ್ತಿ ಕೊಟ್ಟು ಡಾಕ್ಟರಿಗೆ ಫೋನ್ ಮಾಡಿ. ನಿಮ್ಮ ಡಾಕ್ಟರು ಸಿಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಮಾಡಿ.

ಜೊಲ್ಲು ಸುರಿಸುತ್ತಾ, ದನಿ ಬದಲಾಗಿ ಅರಚುತ್ತಾ, ನುಂಗಲಾಗದೆ ಒದ್ದಾಡುವ ದನಕ್ಕೆ "ಗಂಟಲಲ್ಲಿ ಏನೋ ಸಿಕ್ಕಿದೆ" ಅಂತ ಬರಿಗೈ ಹಾಕಬೇಡಿ. ಹುಚ್ಚುನಾಯಿ ಕಚ್ಚಿದ್ದರೂ ಹೀಗೇ ಆಗುತ್ತದೆ.

ನಿನ್ನೆ ಚೆನ್ನಾಗಿದ್ದದ್ದು ಬೆಳಿಗ್ಗೆ ಸತ್ತು, ಮೂಗು ಗುದದಲ್ಲಿ ಹೆಪ್ಪುಗಟ್ಟದ ಕಪ್ಪು ರಕ್ತ ಇದ್ದರೆ ಚರ್ಮ ಸುಲಿಸಬೇಡಿ, ಕುಯ್ಯಬೇಡಿ. ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು, ಅದು ಮನುಷ್ಯರಿಗೂ ಬರುತ್ತದೆ.

ನನ್ನ ಆ ಕರುವಿಗೆ ಐದು ದಿನ ಔಷಧಿ ನಡೆಯಿತು. ಜೊತೆಗೆ ಎರಡು ಲೀಟರ್ ಹಾಲು ಮತ್ತೆ ಶುರು ಮಾಡಿದೆ, ಮೂರು ವಾರ. ಅಪ್ಪ ದಿನಾ ಬೆಳಿಗ್ಗೆ ಲೋಟದಲ್ಲಿ ಹಿಂಡಿ ಅಳೆದು ಗೋಡೆ ಮೇಲೆ ಇದ್ದಿಲಲ್ಲಿ ಗೆರೆ ಎಳೆಯುತ್ತಿದ್ದರು. ಅದರ ಜೊತೆಯ ಕರುಗಳಿಗಿಂತ ನಾಲ್ಕು ತಿಂಗಳು ತಡವಾಗಿ ಬೆದೆಗೆ ಬಂತು. ಈಗ ಗಬ್ಬ ಆಗಿದೆ, ಐದು ತಿಂಗಳು. ಗೋಡೆ ಮೇಲಿನ ಗೆರೆಗಳಿಗೆ ಸುಣ್ಣ ಹೊಡೆಯಲು ಅಪ್ಪ ಇನ್ನೂ ಬಿಟ್ಟಿಲ್ಲ.